ಎಲೆಯ ಬುಡದಲ್ಲಿ ಒಂದು ಹೆಬ್ಬೆರಳು

ಇದನ್ನು ಹೇಳದೆ ಹದಿನಾರು ಮುಂಗಾರು ದಾಟಿಸಿದ್ದೇನೆ. ಹೇಳಿಕೊಳ್ಳಲು ಜನ ಇರಲಿಲ್ಲವೆಂದಲ್ಲ. ಹೆಂಡತಿ ಇದ್ದಳು, ಅವಳಿಗೇ ಮೊದಲು ಹೇಳಬೇಕಿತ್ತು. ಹಬ್ಬ ಮುಗಿಯಲಿ, ಬಿತ್ತನೆ ಮುಗಿಯಲಿ, ಅವಳ ಮೊಣಕಾಲಿನ ನೋವು ಸ್ವಲ್ಪ ಇಳಿಯಲಿ ಎಂದು ಮುಂದಕ್ಕೆ ಹಾಕುತ್ತಾ ಹೋದೆ. ಹೋದ ವರ್ಷ ಅವಳು ತೀರಿಕೊಂಡಳು. ಈಗ ನೆಪಗಳೂ ಉಳಿದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಜೀವಮಾನದಲ್ಲಿ ಬರೆದದ್ದೆಲ್ಲ ಹಾಜರಿ ಪುಸ್ತಕ, ಲೇಬಲ್ಲು, ಹುಳುಮನೆಯ ಶಾಖದ ಪಟ್ಟಿ. ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಬೇಕು.

ಹೋದ ತಿಂಗಳು ರಾಮನಗರದ ಬಸ್ ನಿಲ್ದಾಣದಲ್ಲಿ ಕನಕಪುರದ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ ಕೂತವನು ಚೀಲದಿಂದ ಹೊಗೆಸೊಪ್ಪು ತೆಗೆದು, ಎಡಗೈಗೆ ಹಾಕಿ, ಸುಣ್ಣ ಸವರಿ, ಬಲಗೈ ಹೆಬ್ಬೆರಳಿನಲ್ಲಿ ತಿಕ್ಕತೊಡಗಿದ. ಆ ಘಾಟು ಮೂಗಿಗೆ ಬಡಿಯಿತು. ನನ್ನ ಕಣ್ಣು ನನ್ನ ತೊಡೆಯ ಮೇಲೆ ಬಿತ್ತು. ನನ್ನ ಹೆಬ್ಬೆರಳು ನನ್ನ ಅಂಗೈಯನ್ನು ತಾನಾಗಿಯೇ ತಿಕ್ಕುತ್ತಿತ್ತು. ಅಂಗೈಯಲ್ಲಿ ಏನೂ ಇರಲಿಲ್ಲ. ಬಿಟ್ಟು ಹದಿನಾರು ವರ್ಷವಾದರೂ ಬೆರಳು ಮರೆತಿರಲಿಲ್ಲ.

ಕನಕಪುರದ ಬಸ್ಸು ಬಂತು. ನಾನು ಏಳಲಿಲ್ಲ. ಅದರ ಹಿಂದೆ ಮಾಗಡಿಯ ಬಸ್ಸು ಬಂತು, ಅದನ್ನು ಹತ್ತಿದೆ. ಆ ಬಸ್ಸು ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋಯಿತೆಂದು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆ ಆಷಾಢದ ಮಾತು.

ಕನಕಪುರದಿಂದ ಸಾತನೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಆಗ ರಾಜಣ್ಣನವರ ಚಾಕಿ ಕೇಂದ್ರವಿತ್ತು. ರೇಷ್ಮೆಹುಳು ಮೊಟ್ಟೆಯೊಡೆದು ಹೊರಬಂದಾಗ ಇರುವೆಗಿಂತ ಚಿಕ್ಕದು. ಆ ಎಳೆಹುಳುವನ್ನು ಎರಡು ಸಲ ಪೊರೆ ಬಿಡುವವರೆಗೆ ಸಾಕಿ, ಆಮೇಲೆ ರೈತರಿಗೆ ಕೊಡುವುದು ನಮ್ಮ ಕೆಲಸ. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಎರಡನೇ ಜ್ವರದವರೆಗೆ ಹುಳು ಹಸುಗೂಸು. ಬೂದಿ ತಾಗಬಾರದು, ಊದುಬತ್ತಿಯ ಹೊಗೆ ತಾಗಬಾರದು, ತಲೆಗೆ ಹಾಕಿದ ಎಣ್ಣೆಯ ವಾಸನೆಯೂ ತಾಗಬಾರದು. ಎಲ್ಲಕ್ಕಿಂತ ಕೆಟ್ಟದ್ದು ಹೊಗೆಸೊಪ್ಪು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಎಲೆ ಮುಟ್ಟಿದರೆ ಹುಳು ತಲೆಯೆತ್ತಿ ಅಲ್ಲಾಡಿಸಿ, ಹಸಿರು ನೀರು ಕಾರಿ, ಮುದುಡಿಕೊಂಡು ಸಾಯುತ್ತದೆ. ಇದು ಇಲ್ಲಿಯ ಚಿಕ್ಕ ಮಕ್ಕಳಿಗೂ ಗೊತ್ತು.

ಹುಳುಮನೆಯ ಮೇಸ್ತ್ರಿ ನಾನು. ಒಳಗೆ ಬರುವವರ ಕೈಕಾಲು ತೊಳೆಸುವುದು, ಬಾಯಿ ನೋಡುವುದು, ಹಾಜರಿ ಬರೆಯುವುದು ನನ್ನ ಜವಾಬ್ದಾರಿ. ಬಾಗಿಲ ಮೇಲೆ ‘ಹೊಗೆಸೊಪ್ಪು ಹಾಕುವವರಿಗೆ ಪ್ರವೇಶವಿಲ್ಲ’ ಎಂದು ಕೆಂಪು ಬಣ್ಣದಲ್ಲಿ ಬರೆದಿದ್ದವನೂ ನಾನೇ.

ಅದಕ್ಕೆ ಎರಡು ವರ್ಷ ಮುಂಚೆ ನನ್ನ ಬಾಯಲ್ಲಿ ಹುಣ್ಣಾಗಿತ್ತು. ವಾಸಿಯಾದ ಮೇಲೆ ಹೆಂಡತಿ ನನ್ನ ಕೈಯನ್ನು ತನ್ನ ತಾಳಿಯ ಮೇಲೆ ಇಡಿಸಿ, ಇನ್ನು ಹೊಗೆಸೊಪ್ಪು ಮುಟ್ಟುವುದಿಲ್ಲವೆಂದು ಆಣೆ ಹಾಕಿಸಿದಳು. ಆ ಮಾತನ್ನು ನಂಬಿಯೇ ರಾಜಣ್ಣ ನನ್ನನ್ನು ಮೇಸ್ತ್ರಿ ಮಾಡಿದ್ದರು. ಆಣೆ ನಾಲ್ಕು ತಿಂಗಳು ನಡೆಯಿತು. ಆಮೇಲೆ ದಿನಾ ಬೆಳಿಗ್ಗೆ ಪಂಪ್‌ಮನೆಯ ಹಿಂದೆ ನಿಂತು ಒಂದು ಚಿಟಿಕೆ ಹಾಕಿಕೊಳ್ಳಲು ಶುರುಮಾಡಿದೆ. ಒಂದೇ ಚಿಟಿಕೆ, ಒಂದೇ ಹೊತ್ತು. ಬಾಯಿ ಮುಕ್ಕಳಿಸಿ ಬೇವಿನೆಲೆ ಅಗಿದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಮೊದಲೆಲ್ಲ ಆಮೇಲೆ ಸೋಪು ಹಾಕಿ ಕೈ ತೊಳೆಯುತ್ತಿದ್ದೆ, ಆ ವರ್ಷ ಅದನ್ನೂ ಬಿಟ್ಟಿದ್ದೆ. ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದೆ. ಬೇರೆಯವರಿಗೆ ಸೋಪು ಹಾಕಿ ತೊಳೆಸುತ್ತಿದ್ದವನು ನನ್ನ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದೆ.

ನಮ್ಮಲ್ಲಿ ಸೊಪ್ಪು ಕುಯ್ಯುವ ಕೆಲಸಕ್ಕೆ ಒಬ್ಬ ಹೆಂಗಸಿದ್ದರು. ಸಾವನದುರ್ಗದ ಬುಡದ ಹಳ್ಳಿಯಲ್ಲಿ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ, ನಮ್ಮ ಕಡೆಗೆ ಮದುವೆಯಾಗಿ ಬಂದವರು. ಹಾಗಾಗಿ ಎಲ್ಲರ ಬಾಯಲ್ಲೂ ಮಾಗಡಿಯಕ್ಕ. ಗಂಡ ಇರಲಿಲ್ಲ, ಇದ್ದವಳು ಒಬ್ಬಳೇ ಮಗಳು, ಅವಳನ್ನು ಚನ್ನಪಟ್ಟಣದ ಹತ್ತಿರ ಕೊಟ್ಟಿದ್ದರು. ಮಾಗಡಿಯಕ್ಕನ ಕೈಗುಣ ಸುತ್ತಲಿನ ಊರಿಗೆಲ್ಲ ಹೆಸರುವಾಸಿ. ಕೊಂಬೆಯ ತುದಿಯಿಂದ ಮೂರನೆಯ ಎಲೆ, ನಾಲ್ಕನೆಯ ಎಲೆ, ಎಳೆಯದಾಗಿ ಹೊಳೆಯುವುದನ್ನಷ್ಟೇ ಹೆಬ್ಬೆರಳಿನ ಉಗುರಿನಲ್ಲಿ ಚಿವುಟಿ ತೆಗೆಯುತ್ತಿದ್ದರು. ಕಣ್ಣುಮುಚ್ಚಿ ಕುಯ್ದರೂ ಒಂದು ಬಲಿತ ಎಲೆ ಬುಟ್ಟಿಗೆ ಬೀಳುತ್ತಿರಲಿಲ್ಲ. ರೈತರು ತಮ್ಮ ಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ವೇಳೆಗೆ, ‘ಒಂದು ಗಳಿಗೆ ಬಂದು ಕೈ ಆಡಿಸಿ ಹೋಗಕ್ಕ’ ಎಂದು ಕರೆದುಕೊಂಡು ಹೋಗುತ್ತಿದ್ದರು.

ಮಾಗಡಿಯಕ್ಕ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರು. ಅದನ್ನು ಬಚ್ಚಿಟ್ಟವರಲ್ಲ. ಸಂಜೆ ಕೆಲಸ ಬಿಟ್ಟು ಮನೆಗೆ ಹೋದ ಮೇಲೆ ಜಗಲಿಯಲ್ಲಿ ಕೂತು ಹಾಕಿಕೊಳ್ಳುವುದು. ಬೆಳಿಗ್ಗೆ ಹುಣಸೆಹಣ್ಣು ಹಾಕಿ ಕೈ ಉಜ್ಜಿ, ಸ್ನಾನ ಮಾಡಿ, ಸೀರೆ ಬದಲಿಸಿ ಬರುವುದು. ಬಂದವರೇ ನನ್ನ ಮುಂದೆ ಎರಡೂ ಕೈ ಚಾಚುತ್ತಿದ್ದರು.

“ಮೂಸ್ಕೊ ಬೋರಣ್ಣ.”

“ಬೇಡ ಕಣಕ್ಕ, ನಂಬ್ಕೆ ಐತೆ.”

“ನಂಬ್ಕೆ ದೇವ್ರಿಗ್ ಮಡಿಕೊ. ಮೇಸ್ತ್ರಿ ಆದೋನು ಮೂಸ್ಬೇಕು. ಮೂಸ್ಕೊ ಅಂದ್ರೆ.”

ನಾನು ಮೂಸುತ್ತಿದ್ದೆ. ಹುಣಸೆಹಣ್ಣಿನ ಹುಳಿ ವಾಸನೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಅಷ್ಟು ಹತ್ತಿರ ಬಂದ ನನ್ನ ಬಾಯಿಯ ವಾಸನೆ ಮಾಗಡಿಯಕ್ಕನ ಮೂಗಿಗೂ ಹೋಗುತ್ತದಲ್ಲ ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ.

ಆ ವರ್ಷ ನಮ್ಮ ರಸ್ತೆಯ ಆಚೆ ಬದಿಯ ರಾಗಿ ಹೊಲಗಳಿಗೆ ತಂತಿ ಬೇಲಿ ಬಿತ್ತು. ಬೆಂಗಳೂರಿನಿಂದ ಲಾರಿಗಳು ಬಂದವು, ತಗಡಿನ ಶೆಡ್ಡುಗಳೆದ್ದವು. ನಮ್ಮ ಎದುರಿಗೆ ಬಂದದ್ದು ಬಣ್ಣದ ಪುಡಿ ಮಾಡುವ ಕಾರ್ಖಾನೆ. ಆಷಾಢದ ಗಾಳಿಗೆ ಅದರ ಗೋಡೆಯ ಸಂದಿಯಿಂದ ನೀಲಿ ಪುಡಿ ಎದ್ದು ಬೇಲಿಯ ಕಳ್ಳಿಯ ಮೇಲೆ ಕೂರುತ್ತಿತ್ತು. ಬಿಳಿ ಎಮ್ಮೆಗರುವೊಂದು ನೀಲಿಯಾಗಿದೆಯಂತೆ ಎಂದು ಸಾತನೂರಿನಲ್ಲಿ ಸುದ್ದಿ ಹಬ್ಬಿತು. ಅದು ಸುಳ್ಳು. ನಮ್ಮ ಕಡೆ ಬಿಳಿ ಎಮ್ಮೆಗರು ಎಲ್ಲಿಂದ ಬರಬೇಕು?

ಸುಳ್ಳಲ್ಲದ ಸುದ್ದಿಯೂ ಒಂದಿತ್ತು. ನಮ್ಮಲ್ಲಿ ಹುಳು ಸಾಯತೊಡಗಿದ್ದವು. ಎಲ್ಲ ತಟ್ಟೆಗಳಲ್ಲೂ ಅಲ್ಲ, ಬಾಗಿಲ ಬದಿಯ ಸಾಲಿನಲ್ಲಿ ಮಾತ್ರ. ಒಂದು ಸಲ ಮೊಟ್ಟೆಯೊಡೆಸಿದ ಪಾಳಿಯಲ್ಲಿ ಎರಡು ತಟ್ಟೆ, ಇನ್ನೊಂದರಲ್ಲಿ ಮೂರು. ಉಳಿದದ್ದನ್ನು ರೈತರಿಗೆ ಕೊಟ್ಟರೆ ಅವರ ಮನೆಯಲ್ಲೂ ಕೆಲವು ಬಾಡಿದವು. ಕಬ್ಬಾಳಿನ ಕಡೆಯ ರೈತನೊಬ್ಬ ಸತ್ತ ಹುಳುವನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ತಂದು ರಾಜಣ್ಣನವರ ಮೇಜಿನ ಮೇಲೆ ಬಿಚ್ಚಿದ.

“ನೋಡಿ ಸ್ವಾಮಿ, ನಿಮ್ಮ ಚಾಕಿ. ವಡೆ ಮಾಡ್ಕೊಂಡ್ ತಿನ್ನಾನ ಅಂತ ತಂದಿವ್ನಿ.”

ರಾಜಣ್ಣ ಒಳ್ಳೆಯ ಮನುಷ್ಯ, ಆದರೆ ಮಾತಿಗೆ ಬೇಗ ಸೋಲುತ್ತಿದ್ದರು. ಬಾಗಿಲ ಸಾಲಿನಲ್ಲಿ ಮಾತ್ರ ಸಾಯುತ್ತಿವೆ ಅಂದರೆ ಬಾಗಿಲಿಂದ ಬರುವ ಗಾಳಿಯದೇ ತಪ್ಪು, ಗಾಳಿಯಲ್ಲಿ ಕಾರ್ಖಾನೆಯ ಪುಡಿ ಇದೆ ಎಂದು ಲೆಕ್ಕ ಹಾಕಿದರು. ನಾನೂ ಹೌದೆಂದೆ. ಪಂಪ್‌ಮನೆಯ ಹಿಂದಿನಿಂದ ಬಂದವನು ಮೊದಲು ಕೈಹಾಕುತ್ತಿದ್ದದ್ದು ಬಾಗಿಲ ಸಾಲಿಗೆ ಎನ್ನುವುದು ನನಗೆ ಗೊತ್ತಿತ್ತೆ? ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ದಟ್ಟವಾಗಿ ಕೂಡಿದ ಹುಳುವನ್ನು ಬೆರಳಲ್ಲಿ ಬಿಡಿಸಿ ಹರಡುವುದು ನನ್ನ ಕೆಲಸ. ಬಾಗಿಲ ಸಾಲು ಮುಗಿಸಿ ಒಳಗಿನ ಸಾಲಿಗೆ ಹೋಗುವ ಹೊತ್ತಿಗೆ ಒದ್ದೆ ಎಲೆಗಳಲ್ಲಿ ಆಡಿ ಆಡಿ ಕೈ ತಾನಾಗಿಯೇ ಚೊಕ್ಕಟವಾಗಿರುತ್ತಿತ್ತು.

ಇದೇ ಸಮಯಕ್ಕೆ ಶುಭಾ ಮೇಡಂ ಬಂದರು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಹಿಪ್ಪುನೇರಳೆ ಎಲೆಯ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿ, ಮೂವತ್ತು ದಾಟಿರಲಿಲ್ಲ. ಎಲೆ ಮುರಿದಾಗ ನರದಿಂದ ಹಾಲು ಬರುತ್ತದಲ್ಲ, ಆ ಹಾಲಿನಲ್ಲಿ ಬೇರೆ ಹುಳಗಳಿಗೆ ವಿಷವಾಗುವ ಒಂದು ವಸ್ತುವಿದೆಯಂತೆ, ರೇಷ್ಮೆಹುಳಕ್ಕೆ ಮಾತ್ರ ಅದು ಏನೂ ಮಾಡುವುದಿಲ್ಲವಂತೆ. ಆ ವಸ್ತು ಎಲೆಯ ಯಾವ ಜಾಗದಲ್ಲಿ ಎಷ್ಟಿದೆ ಎಂದು ಚಿತ್ರ ತೆಗೆಯುವುದು ಅವರ ಕೆಲಸ. ಅಕ್ಷರ ಬಲ್ಲವನೆಂದು ರಾಜಣ್ಣ ನನ್ನನ್ನು ಅವರ ಜೊತೆಗೆ ಹಾಕಿದರು.

“ಎಲೆ ಒಳಗಿರೋದನ್ನ ಫೋಟೋ ಹೊಡೆಯೋಕಾಯ್ತದಾ ಮೇಡಂ?” ಎಂದು ಕೇಳಿದೆ.

ಅವರು ನಗಲಿಲ್ಲ. ಅದು ನನಗೆ ಇಷ್ಟವಾಯಿತು. “ಫೋಟೋ ಅಲ್ಲ ಬೋರಣ್ಣ, ತೂಕ. ರಾಮನಗರದ ಮಾರ್ಕೆಟ್‌ನಲ್ಲಿ ಗೂಡು ತೂಗ್ತಾರಲ್ಲ, ಹಾಗೆ. ಎಲೆಯನ್ನ ಒಂದು ಹಾಳೆ ಮೇಲೆ ಒತ್ತಿ ಅಚ್ಚು ತೆಗಿತೀವಿ. ಯಂತ್ರ ಆ ಅಚ್ಚಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಹೋಗುತ್ತೆ. ಒಂದೊಂದು ಚುಕ್ಕಿಯಿಂದಲೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಹಾರಿಸಿ ತೂಗುತ್ತೆ. ಒಂದೊಂದು ವಸ್ತುವಿಗೂ ಅದರದೇ ತೂಕ. ನನಗೆ ಬೇಕಾದ ತೂಕ ಎಲ್ಲೆಲ್ಲಿ ಸಿಕ್ತೋ ಆ ಚುಕ್ಕಿಗೆಲ್ಲ ಬಣ್ಣ ತುಂಬಿದರೆ ಚಿತ್ರ ಆಗುತ್ತೆ.”

“ಚುಕ್ಕಿ ರಂಗೋಲಿ ಅನ್ನವ್ವ,” ಎಂದರು ಬುಟ್ಟಿ ಇಳಿಸುತ್ತಿದ್ದ ಮಾಗಡಿಯಕ್ಕ. “ಅದಕ್ ಯಾಕೆ ಯಂತ್ರ, ನಾನ್ ಬಿಡ್ತಿದ್ದೆ.”

ಮೇಡಂ ಆಗ ನಕ್ಕರು. ಅವತ್ತಿನಿಂದ ಇಬ್ಬರಿಗೂ ಚೆನ್ನಾಗಿ ಹೊಂದಿತು.

ಎಲೆ ಕುಯ್ಯುವುದಕ್ಕೆ ಮೇಡಂ ಕಟ್ಟುನಿಟ್ಟು ಮಾಡಿದ್ದರು. ಒಬ್ಬರೇ ಕುಯ್ಯಬೇಕು, ರಬ್ಬರಿನ ಕೈಗವಸು ಹಾಕಿಕೊಂಡೇ ಕುಯ್ಯಬೇಕು. ಕುಯ್ದ ಎಲೆಗೆ ನಾವು ಮಾಡುವ ಹಾಗೆ ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಇಡಬಾರದು. ತಕ್ಷಣ ಬೆಳ್ಳಿ ಕಾಗದದಲ್ಲಿ ಚಪ್ಪಟೆಯಾಗಿ ಮಡಿಸಿ, ಹೊಗೆಯಾಡುವ ಒಣ ಮಂಜುಗಡ್ಡೆಯ ಪೆಟ್ಟಿಗೆಗೆ ಹಾಕಬೇಕು. ಇಲ್ಲದಿದ್ದರೆ ಎಲೆಯೊಳಗಿನ ವಸ್ತುಗಳು ಜಾಗ ಬಿಟ್ಟು ಓಡಾಡುತ್ತವಂತೆ. ಪೊಟ್ಟಣದ ಮೇಲೆ ದಿನ, ತಾಕು, ಎಷ್ಟನೆಯ ಎಲೆ, ಕುಯ್ದವರು ಯಾರು ಎಂದು ನಾನು ಬರೆಯಬೇಕು. ಮೇಡಂ ಸೋಮವಾರ ಪೆಟ್ಟಿಗೆ ತಂದಿಟ್ಟು, ಬುಧವಾರ ಬಂದು ಒಯ್ಯುತ್ತಿದ್ದರು.

ಮಾಗಡಿಯಕ್ಕನಿಗೆ ಕೈಗವಸು ಹಾಕಿಸುವುದೇ ಒಂದು ಹಬ್ಬವಾಯಿತು. “ಇದೇನವ್ವ, ಹೆರಿಗೆ ಮಾಡ್ಸೋ ಡಾಕ್ಟ್ರಮ್ಮ ಆಗೋದ್ನಲ್ಲ ನಾನು,” ಎಂದು ಕೈ ಮೇಲೆತ್ತಿ ತೋಟದ ತುಂಬ ಓಡಾಡಿದರು. ಉಗುರಿಲ್ಲದೆ ಚಿವುಟುವುದು ಅವರಿಗೆ ಕಷ್ಟವಾಯಿತು. ಆದರೂ ಒಂದು ದಿನವೂ ಗವಸು ಬಿಚ್ಚಲಿಲ್ಲ.

ಮೇಡಂ ಹೊರಡುವ ಮುನ್ನ ರಾಜಣ್ಣ ಅವರಿಗೆ ಒಂದು ಕೋರಿಕೆ ಸಲ್ಲಿಸಿದರು. “ನಿಮ್ಮ ಯಂತ್ರ ಹೇಗೂ ನೋಡುತ್ತೆ. ಎಲೆ ಮೇಲೆ ಈ ಕಾರ್ಖಾನೆ ಪುಡಿ ಐತಾ, ಉಳ ಸಾಯಿಸೋ ಅಂಥದ್ದು ಬೇರೇನಾದ್ರೂ ಐತಾ, ಒಸಿ ನೋಡ್ಬಿಡಿ ತಾಯಿ.” ಮೇಡಂ ಒಪ್ಪಿದರು.

ಮೂರನೆಯ ವಾರದ ಸೋಮವಾರ ಸಂಜೆ ಮಾಗಡಿಯಕ್ಕ ನನ್ನ ಹತ್ತಿರ ಬಂದು ನಿಂತರು. ಮಗಳಿಗೆ ಆಗಲೇ ಎರಡು ಬಸಿರು ನಿಂತಿರಲಿಲ್ಲ. ಇದು ಮೂರನೆಯದು.

“ನಾಳೀಕೆ ಮಂಗಳ್ವಾರ ಬೋರಣ್ಣ. ಮಗೀನ ಕರ್ಕೊಂಡು ಕಬ್ಬಾಳಮ್ಮನ ತಾವ್ಕೆ ಓಗ್ ಬತ್ತೀನಿ. ಮಡ್ಲಕ್ಕಿ ಹರ್ಕೆ ಐತೆ. ಈ ತಿಂಗ್ಳು ಆಗ್ಲೇ ಎರಡ್ ದಿನ ತಪ್ಪೋಗೈತೆ, ರಾಜಣ್ಣೋರ್ನ ಕೇಳಕ್ಕೆ ಮಕ ಇಲ್ಲ.”

“ನೀ ಓಗಕ್ಕ. ನಾನ್ ಹಾಜರಿ ಆಕ್ಕತೀನಿ. ಸೊಪ್ಪು ನಾನೇ ಕುಯ್ತೀನಿ.”

ಕಬ್ಬಾಳಮ್ಮನಿಗೆ ಹೋಗುವವರಿಗೆ ಹಾಜರಿ ಹಾಕುವುದು ನಮ್ಮ ಕಡೆಯ ಮೇಸ್ತ್ರಿಗಳೆಲ್ಲ ಮಾಡುತ್ತಿದ್ದ ಕೆಲಸ. ಅದರಲ್ಲಿ ತಪ್ಪಿದೆ ಎಂದು ಯಾರೂ ಎಣಿಸುತ್ತಿರಲಿಲ್ಲ, ದೇವಿಯ ಪಾಲು ಅನ್ನುತ್ತಿದ್ದರು. ಮಾಗಡಿಯಕ್ಕನ ಕಣ್ಣು ತುಂಬಿತು. ನಾನು ದೊಡ್ಡ ಉಪಕಾರ ಮಾಡಿದವನ ಹಾಗೆ ಬೀಗಿದೆ.

ಮಂಗಳವಾರ ಬೆಳಿಗ್ಗೆ ಗಾಳಿ ಜೋರಾಗಿತ್ತು, ಜಿನುಗು ಮಳೆ. ಪಂಪ್‌ಮನೆಯ ಹಿಂದೆ ನಿಂತು ಹೊಗೆಸೊಪ್ಪು ತಿಕ್ಕಿ ಬಾಯಿಗೆ ಹಾಕಿಕೊಂಡು ತೋಟಕ್ಕೆ ಇಳಿದೆ. ಗವಸು ಹಾಕಿಕೊಂಡೆ. ನನ್ನ ದಪ್ಪ ಕೈಗೆ ಅದು ಬಿಗಿದುಕೊಂಡಿತು, ಎಲೆಯ ತೊಟ್ಟು ಜಾರುತ್ತಿತ್ತು. ಎರಡು ಎಲೆ ಹರಿದುಹೋದವು. ಯಾರು ನೋಡುತ್ತಾರೆಂದು ಬಲಗೈಯ ಗವಸು ಕಿತ್ತು ಜೇಬಿಗಿಟ್ಟೆ. ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ ಹಿಡಿದು ಬುಡದಲ್ಲಿ ಚಿವುಟಿದೆ. ಎಷ್ಟು ಸಲೀಸಾಗಿ ಬಂತು! ಬೆಳ್ಳಿ ಕಾಗದದಲ್ಲಿ ಮಡಿಸಿ ಪೆಟ್ಟಿಗೆಗೆ ಹಾಕಿದೆ. ಲೇಬಲ್ಲಿನಲ್ಲಿ ‘ಕುಯ್ದವರು’ ಎನ್ನುವ ಜಾಗಕ್ಕೆ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಹಾಜರಿ ಪುಸ್ತಕದಲ್ಲಿ ಮಾಗಡಿಯಕ್ಕ ಬಂದಿದ್ದಾರೆ. ಅದಕ್ಕೂ ಇದಕ್ಕೂ ತಾಳೆಯಾಗಬೇಕಲ್ಲ. ಅವರ ಪೂರ್ತಿ ಹೆಸರು ಉದ್ದ, ಹಾಜರಿ ಪುಸ್ತಕದ ಮನೆಯಲ್ಲಿ ಹಿಡಿಸುತ್ತಿರಲಿಲ್ಲ. ಅಲ್ಲಿ ಬರೆಯುವ ಹಾಗೆ ಎರಡೇ ಅಕ್ಷರ ಇಲ್ಲೂ ಬರೆದೆ. ಗಂ. ನ.

ಶ್ರಾವಣ ಹುಟ್ಟಿದ ಮೇಲೆ ಮೇಡಂ ಬಂದರು. ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದರು. ರಾಜಣ್ಣ, ನಾನು, ಮುತ್ತುಗದ ಎಲೆಯಲ್ಲಿ ಹುಳು ಕಟ್ಟಿ ತಂದಿದ್ದ ಆ ರೈತ, ಇಷ್ಟು ಜನ ಸುತ್ತ ನಿಂತೆವು.

ಮೊದಲು ತೋರಿಸಿದ ಚಿತ್ರವನ್ನು ನಾನು ಮರೆಯುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಎಲೆಯ ನರಗಳು ಮಾತ್ರ ಹಸಿರು ಬೆಂಕಿಯ ಹಾಗೆ ಹೊಳೆಯುತ್ತಿದ್ದವು. ದೊಡ್ಡ ನರ, ಅದರಿಂದ ಕವಲು, ಕವಲಿನಿಂದ ಕೂದಲೆಳೆ. ಎಲೆಯ ಹಾಲು ಹರಿಯುವ ದಾರಿ. ಹುಟ್ಟಿದಾಗಿನಿಂದ ಮುಟ್ಟಿದ ಎಲೆಯನ್ನು ನಾನು ಅವತ್ತೇ ಮೊದಲು ನೋಡಿದ ಹಾಗಾಯಿತು.

“ಕಾರ್ಖಾನೆ ಪುಡಿ?” ಎಂದರು ರಾಜಣ್ಣ.

“ನಾನು ನೋಡಿದ ಎಲೆಗಳಲ್ಲಿ ಸಿಗಲಿಲ್ಲ. ಆದರೆ ಒಂದು ಪೊಟ್ಟಣದಲ್ಲಿ ಬೇರೆ ಏನೋ ಇದೆ,” ಎಂದು ಮೇಡಂ ಇನ್ನೊಂದು ಚಿತ್ರ ತೆರೆದರು. “ಇದು ನಿಕೋಟಿನ್. ಹೊಗೆಸೊಪ್ಪಿನಲ್ಲಿರೋದು. ಎಲೆಯ ಒಳಗಿನದಾದರೆ ನರದಲ್ಲೋ, ಎಲೆ ತುಂಬಾನೋ ಇರಬೇಕು. ಇದು ನೋಡಿ.”

ಎಲೆಯೆಲ್ಲ ಕಪ್ಪು. ಬುಡದಲ್ಲಿ, ತೊಟ್ಟಿನ ಪಕ್ಕ, ಮೊಟ್ಟೆಯಾಕಾರದ ಒಂದು ಹಳದಿ ಗುರುತು. ಎಲೆಯ ಹಿಂಬದಿಯ ಅಚ್ಚಿನಲ್ಲಿ ಸಣ್ಣವು ಎರಡು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ರೈತನೇ ತನ್ನ ಹೆಬ್ಬೆರಳು ಬೆರಳು ಕೂಡಿಸಿ ಗಾಳಿಯಲ್ಲಿ ಒಂದು ಎಲೆ ಚಿವುಟಿ ತೋರಿಸಿದ.

“ಕೈ ಕಣ್ರಲಾ ಇದು! ಹೊಗೆಸೊಪ್ ಕೈ!”

ನನ್ನ ಬಲಗೈ ತಾನಾಗಿಯೇ ಹೆಗಲ ಮೇಲಿನ ಟವೆಲಿನೊಳಗೆ ಹೋಯಿತು.

“ಒಂದೇ ಎಲೆ, ಒಂದೇ ಪೊಟ್ಟಣ,” ಎಂದು ಮೇಡಂ ಹೇಳುತ್ತಲೇ ಇದ್ದರು. “ಉಳಿದ ದಿನಗಳ ಎಲೆಯೆಲ್ಲ ಶುದ್ಧವಾಗಿದೆ. ಇದರಿಂದಲೇ ಹುಳು ಸತ್ತವು ಅಂತ ನಾನು ಹೇಳಲಾರೆ ಸರ್.” ಕೇಳುವವರಿರಲಿಲ್ಲ. ರಾಜಣ್ಣ ಪೊಟ್ಟಣದ ಲೇಬಲ್ಲು ಕೇಳಿದರು. ಮಂಗಳವಾರ, ಗಂ. ನ. ಹಾಜರಿ ಪುಸ್ತಕ ತರಿಸಿದರು. ಮಂಗಳವಾರ, ಗಂ. ನ. ಎರಡೂ ನನ್ನ ಅಕ್ಷರ.

ಮಾಗಡಿಯಕ್ಕನನ್ನು ಕರೆಸಿದರು. ಗವಸು ಹಾಕಿದ ಕೈಯಲ್ಲೇ ಬಂದು ಕಂಬಕ್ಕೆ ಆತು ನಿಂತರು.

“ಆ ಮಂಗಳ್ವಾರ ಸೊಪ್ಪು ಕುಯ್ದೋರು ಯಾರಮ್ಮ?” ಎಂದರು ರಾಜಣ್ಣ.

ಮಾಗಡಿಯಕ್ಕ ಲ್ಯಾಪ್‌ಟಾಪಿನಲ್ಲಿದ್ದ ಹಳದಿ ಹೆಬ್ಬೆರಳನ್ನು ನೋಡಿದರು. ಮೇಜಿನ ಮೇಲೆ ತೆರೆದಿದ್ದ ಹಾಜರಿ ಪುಸ್ತಕ ನೋಡಿದರು. ಆಮೇಲೆ ನನ್ನನ್ನು ನೋಡಿದರು. ‘ನಾನು ಕಬ್ಬಾಳಿಗೆ ಹೋಗಿದ್ದೆ’ ಎಂದು ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವರ ಮಾತು ನಿಜವೆನ್ನಲು ದೇವಸ್ಥಾನದ ಪೂಜಾರಿಯಿಂದ ಮಗಳ ತನಕ ಸಾಕ್ಷಿಯಿತ್ತು. ಹೇಳಿದ್ದರೆ ಸುಳ್ಳು ಹಾಜರಿ ಬರೆದ ನನ್ನ ಕೆಲಸ ಹೋಗುತ್ತಿತ್ತು. ಆ ಎಲೆ ಯಾರು ಕುಯ್ದರು ಎನ್ನುವುದೂ ಹೊರಬರುತ್ತಿತ್ತು.

ನಾನು ಬಾಯಿ ತೆರೆಯುತ್ತೇನೆಂದು ಕಾದರು. ಎಷ್ಟು ಹೊತ್ತು ಕಾದರೆಂದರೆ, ಹುಳುಮನೆಯೊಳಗೆ ಹುಳು ಎಲೆ ತಿನ್ನುವ ಸದ್ದು ನನಗೆ ಜಗಲಿಯವರೆಗೂ ಕೇಳಿಸಿತು. ಎಳೆಹುಳು ತಿನ್ನುವ ಸದ್ದು ಯಾರಿಗೂ ಕೇಳಿಸುವುದಿಲ್ಲ. ನನಗೆ ಕೇಳಿಸಿತು.

“ಪುಸ್ತಕ್ದಲ್ಲಿ ನಾನು ಅಂತ ಐತಲ್ಲ,” ಎಂದರು ಮಾಗಡಿಯಕ್ಕ. “ಅಂದ್ಮೇಲೆ ನಾನೇ.”

ಗವಸುಗಳನ್ನು ಒಂದೊಂದೇ ಬಿಚ್ಚಿ, ಮಡಿಸಿ, ಮೇಡಂ ಎದುರಿಗೆ ಇಟ್ಟರು. “ತಪ್ಪಾಯ್ತು ಕಣವ್ವ,” ಎಂದು ಅವರಿಗೆ ಕೈಮುಗಿದರು. ನನ್ನ ಕಡೆ ತಿರುಗದೆ ಮೆಟ್ಟಿಲಿಳಿದು ಹೋದರು.

ಮೇಡಂಗೆ ಸಮಾಧಾನವಾಗಿರಲಿಲ್ಲ. ಕಾರಿನವರೆಗೆ ಪೆಟ್ಟಿಗೆ ಹೊತ್ತು ಹೋದಾಗ ದನಿ ತಗ್ಗಿಸಿ ಕೇಳಿದರು. “ಬೋರಣ್ಣ, ಆ ಗುರುತು ದೊಡ್ಡದಿದೆ. ಅಕ್ಕನ ಬೆರಳು ಅಷ್ಟು ದೊಡ್ಡದಲ್ಲ. ನೀವು ಹೊಗೆಸೊಪ್ಪು ಹಾಕ್ತೀರಾ?”

“ಬುಟ್ಟು ಎರಡ್ ವರ್ಸ ಆಯ್ತು ಮೇಡಂ. ಹೆಂಡ್ತಿ ತಾಳಿ ಮುಟ್ಟಿ ಆಣೆ ಮಾಡಿವ್ನಿ.”

ಅವರು ಮತ್ತೆ ಕೇಳಲಿಲ್ಲ. ಆಣೆಯ ಮಾತು ಬಂದ ಮೇಲೆ ಮರ್ಯಾದಸ್ಥರು ಮತ್ತೆ ಕೇಳುವುದಿಲ್ಲ. ಅದು ಗೊತ್ತಿದ್ದೇ ಆ ಮಾತು ತಂದೆ.

ಅವತ್ತು ಸಂಜೆ ಪಂಪ್‌ಮನೆಯ ಹಿಂದೆ ಕಲ್ಲಿನ ಸಂದಿಯಲ್ಲಿಟ್ಟಿದ್ದ ಪೊಟ್ಟಣವನ್ನು ಕಾಲುವೆಗೆ ಎಸೆದೆ. ಪಶ್ಚಾತ್ತಾಪದಿಂದ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಹೆದರಿಕೆಯಿಂದ ಎಸೆದೆ. ಎಲ್ಲಿ ಮುಟ್ಟಿದರೂ ಆ ಯಂತ್ರ ನನ್ನ ಬೆರಳನ್ನು ಬರೆದು ತೋರಿಸುತ್ತದೆ ಎಂದು ಹೆದರಿದ್ದೆ. ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ಕೈ ತೊಳೆಯತೊಡಗಿದೆ.

ಮುಂದಿನ ಪಾಳಿಯಲ್ಲಿ ಬಾಗಿಲ ಸಾಲಿನ ಒಂದು ಹುಳುವೂ ಸಾಯಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಎರಡನೇ ಜ್ವರದಿಂದೆದ್ದ ಹುಳುಗಳು ಮುತ್ತಿನ ಹಾಗಿದ್ದವು.

“ನೋಡ್ದೇನ್ಲಾ,” ಎಂದರು ಎಲ್ಲರೂ. “ಆವಮ್ಮ ಹೋದ್ಲು, ಉಳ ಎದ್ವು.”

ಹೆಂಗಸೊಬ್ಬರು ಹೊರಟುಹೋದದ್ದಕ್ಕೂ ಹುಳು ಬದುಕಿದ್ದಕ್ಕೂ ನಡುವೆ ಇದ್ದ ಕಾಲುವೆಯ ಪೊಟ್ಟಣ ನನಗೊಬ್ಬನಿಗೇ ಗೊತ್ತಿತ್ತು. ಮಾಗಡಿಯಕ್ಕ ತಪ್ಪು ಮಾಡಿರಬಹುದು ಎನ್ನುವ ಮಾತು, ಮಾಡಿಯೇ ಇದ್ದಾರೆ ಎಂದಾಯಿತು. ಹುಳು ಸಾಯಿಸಿದ ಕೈ ಎಂದಾಯಿತು. ಹಣ್ಣಾದ ಹುಳುವಿಗೆ ಕೈ ಆಡಿಸಲು ಆಮೇಲೆ ಯಾವ ಮನೆಯವರೂ ಕರೆಯಲಿಲ್ಲ. ಹುಳು ಸಾಕುವ ಮನೆಗೆ ಮಜ್ಜಿಗೆ ಕೇಳಲು ಹೋದರೂ ಹೊರಗೇ ನಿಲ್ಲಿಸಿ ಕೊಟ್ಟರಂತೆ. ನಮ್ಮ ಸೀಮೆಯಲ್ಲಿ ಹುಳು ಸಾಕದ ಮನೆ ಆಗ ಎಷ್ಟಿದ್ದವು?

ಕೊನೆಗೆ ಎದುರಿನ ಬಣ್ಣದ ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಕಾರ್ತೀಕದಲ್ಲಿ ಒಂದು ದಿನ ರಸ್ತೆಯಲ್ಲಿ ಎದುರಾದರು. ಉಗುರ ಸಂದಿಯೆಲ್ಲ ನೀಲಿಯಾಗಿತ್ತು. ನಾನು ತಲೆತಗ್ಗಿಸಿ ದಾಟಿಹೋಗಲು ನೋಡಿದೆ.

“ಏನ್ ಬೋರಣ್ಣ, ಉಳ ಸಂದಾಗವಾ?”

“ಅವೆ ಕಣಕ್ಕ.”

“ಮಳೆ ನಿಂತೈತೆ, ಸೊಪ್ಪು ಬೇಗ ಬಲೀತದೆ. ಮೂರ್ನೇ ಎಲೆಗ್ ಹೋಗ್ಬೇಡ, ಎರಡ್ನೇದೇ ಕುಯ್ಸು.” ನಾಲ್ಕು ಹೆಜ್ಜೆ ಹೋಗಿ ತಿರುಗಿದರು. “ಮಗೀಗೆ ಏಳ್ ತಿಂಗ್ಳು ತುಂಬ್ತು. ಕಬ್ಬಾಳಮ್ಮ ಕೈ ಬುಡ್ಲಿಲ್ಲ.”

ಅಷ್ಟೇ. ಆ ವರ್ಷದ ಕೊನೆಗೆ ಅವರು ತವರಿಗೆ ಹೋದರೆಂದು ಕೇಳಿದೆ. ಮೇಡಂ ಬರೆದ ಲೇಖನ ಯಾವುದೋ ದೇಶದ ಪತ್ರಿಕೆಯಲ್ಲಿ ಬಂತು. ಒಂದು ಪ್ರತಿ ಕಳಿಸಿಕೊಟ್ಟರು. ಇಂಗ್ಲಿಷು. ಕೊನೆಯಲ್ಲಿ ನೆರವಾದವರಿಗೆ ಕೃತಜ್ಞತೆ ಹೇಳುವ ಜಾಗದಲ್ಲಿ ನನ್ನ ಹೆಸರಿದೆ. ಹೆಂಡತಿ ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ್ದಳು. ದೀಪ ಹಚ್ಚುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಎಲೆ ಕುಯ್ದವರ ಹೆಸರು ಅದರಲ್ಲಿ ಎಲ್ಲೂ ಇಲ್ಲ.

ಆ ಮಾಗಡಿಯ ಬಸ್ಸಿನಿಂದ ಇಳಿದು, ಸಾವನದುರ್ಗದ ದಾರಿಯಲ್ಲಿ ಇನ್ನೊಂದು ಬಸ್ಸು ಹಿಡಿದು, ಊರು ಕೇಳಿಕೊಂಡು ಹೋದೆ. ಬೆಟ್ಟದ ನೆರಳು ಬೀಳುವಲ್ಲಿ ಒಂದು ಹೆಂಚಿನ ಮನೆ, ಮುಂದೆ ಕುರಿದೊಡ್ಡಿ. ಜಗಲಿಯ ಮೇಲೆ ಮಾಗಡಿಯಕ್ಕ ಕೂತಿದ್ದರು. ಕಣ್ಣಿಗೆ ಪೊರೆ ಬಂದು ಎರಡೂ ಕಣ್ಣು ಬೆಳ್ಳಗಾಗಿದ್ದವು. ಬೆರಳು ಮಾತ್ರ ಬಿದಿರು ಮೊರದಲ್ಲಿದ್ದ ಹುರುಳಿಕಾಳಿನಿಂದ ಕಲ್ಲು ಆರಿಸುತ್ತಿದ್ದವು, ಒಂದೂ ತಪ್ಪದ ಹಾಗೆ.

“ಅಕ್ಕ,” ಎಂದೆ.

ಬೆರಳು ನಿಂತವು. “ಬೋರಣ್ಣನ ಗಂಟ್ಲು ಕಣೆ ಇದು,” ಎಂದು, ತಾಯಿಯನ್ನು ನೋಡಿಕೊಳ್ಳಲು ಬಂದು ಒಳಗಿದ್ದ ಮಗಳಿಗೆ ಕೂಗಿದರು. “ಒಸಿ ಮಜ್ಜಿಗೆ ತತ್ತಾ. ಕುಂತ್ಕೊ ಬಾರಪ್ಪ.”

ಹತ್ತಿರ ಕೂತೆ. ನನ್ನ ಬಲಗೈಯನ್ನು ತಡಕಿ ಹಿಡಿದುಕೊಂಡರು. ಹೆಬ್ಬೆರಳನ್ನು ತಮ್ಮ ಬೆರಳಿನಿಂದ ಒಂದು ಸಲ ಸವರಿ, ಮೂಗಿನ ಹತ್ತಿರ ಒಯ್ದು ಮೂಸಿದರು. ಹಿಂದೆ ನಾನು ಅವರ ಕೈ ಮೂಸುತ್ತಿದ್ದ ಹಾಗೆ.

“ಬುಟ್ಬುಟ್ಟಾ?” ಎಂದರು.

ಅವರಿಗೆ ಗೊತ್ತಿತ್ತು. ರಾಜಣ್ಣನವರ ಜಗಲಿಯ ಕಂಬಕ್ಕೆ ಆತು ನಿಂತಾಗಲೇ, ಅದಕ್ಕೂ ಎಷ್ಟೋ ಮುಂಚೆಯೇ ಗೊತ್ತಿತ್ತು.

“ಬುಟ್ಟೆ ಕಣಕ್ಕ. ಅವತ್ತೇ.”

“ಒಳ್ಳೇದಾಯ್ತು. ಬಾಯ್ ಹುಣ್ಣು ಕೆಟ್ಟದ್ದು.”

ಮಗಳು ಮಜ್ಜಿಗೆ ತಂದಿಟ್ಟಳು. ಈಗಲೇ, ಈ ಲೋಟ ಖಾಲಿಯಾಗುವುದರೊಳಗೆ ಹೇಳಿಬಿಡಬೇಕು ಎಂದುಕೊಂಡೆ. ಲೋಟ ಖಾಲಿಯಾಯಿತು. ಅವರು ಕುರಿಯ ಮಾತಾಡಿದರು, ಮೊಮ್ಮಗಳು ಓದುವ ಮಾತಾಡಿದರು, ನನ್ನ ಹೆಂಡತಿ ಹೋದದ್ದು ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಹ್ಞೂಂ, ಹ್ಞೂಂ ಅಂದೆ. ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ. ಎಪ್ಪತ್ತು ದಾಟಿದ ಗಂಡಸಿನ ಬಾಯಿಂದ ತಪ್ಪಾಯಿತು ಎನ್ನುವ ಒಂದು ಮಾತು ಬರಲಿಲ್ಲ. ಅವರು ಅದನ್ನು ನನ್ನ ಬದಲು ಹೇಳಿ ಹದಿನಾರು ವರ್ಷವಾಗಿದೆ.

ಹಾಗಾಗಿ ಬರೆದಿದ್ದೇನೆ. ಅವರಿಗೆ ಓದು ಬರುವುದಿಲ್ಲ, ಈಗ ಕಣ್ಣೂ ಇಲ್ಲ. ಮೊಮ್ಮಗಳಿಗೆ ಬರುತ್ತದೆ. ಕಬ್ಬಾಳಮ್ಮನಿಗೆ ಹರಕೆ ಹೊತ್ತು ಉಳಿಸಿಕೊಂಡ ಆ ಮಗು ಇದನ್ನು ಅಜ್ಜಿಗೆ ಜೋರಾಗಿ ಓದಿ ಹೇಳಲಿ. ಆ ಮಂಗಳವಾರ ನಿನ್ನ ಅಜ್ಜಿ ನಿನಗಾಗಿ ಕಬ್ಬಾಳಿನಲ್ಲಿದ್ದರು ಮಗಳೇ. ಎಲೆ ಕುಯ್ದದ್ದು ನಾನು, ಹೆಬ್ಬೆರಳು ನನ್ನದು. ಹಾಜರಿ ಪುಸ್ತಕದ ಮನೆ ಸಾಲದೆಂದು ನಾನು ಎರಡು ಅಕ್ಷರಕ್ಕೆ ಕತ್ತರಿಸಿದ ಹೆಸರನ್ನು, ಇಲ್ಲಿ ಜಾಗವಿದೆ, ಪೂರ್ತಿ ಬರೆಯುತ್ತೇನೆ. ಗಂಗನರಸಮ್ಮ.